ಪ್ಲಾಸ್ಟಿಕ್ ಕವರ್ ಹೋಯಿತು, 20 ಗ್ರಾಂ ಉಳಿಯಿತು: ನಾಲ್ಕು ಹೊದಿಕೆ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯುವುದಕ್ಕೆ ಯಾರೂ ನನಗೆ ಪುಕ್ಕಟೆ ಮಾಲು ಕೊಟ್ಟಿಲ್ಲ. ಎಲ್ಲ ಕವರೂ ನಾನೇ ದುಡ್ಡು ಕೊಟ್ಟು ತಂದಿದ್ದು. ಅದರಲ್ಲಿ ಅರ್ಧ ಹಾಳು ಮಾಡಿದ್ದೂ ನಾನೇ.

ನಾನು, ನನ್ನ ತಮ್ಮ ಸೇರಿ ಒಂದು ಚಿಕ್ಕ ಮೇಲಿಂಗ್ ಘಟಕ ನಡೆಸುತ್ತೇವೆ. ಅಚ್ಚಾದ ಕರಪತ್ರ, ಕ್ಯಾಟಲಾಗು, ಆಫರ್ ಕಾರ್ಡು ನಮ್ಮಲ್ಲಿಗೆ ಬಂಡಲ್‌ಗಟ್ಟಲೆ ಬರುತ್ತವೆ. ಮಡಿಸುವುದು, ಪಿನ್ ಹೊಡೆಯುವುದು, ಕವರಿಗೆ ಹಾಕುವುದು, ವಿಳಾಸ ಹಚ್ಚುವುದು, ವಿಂಗಡಿಸಿ ಕಟ್ಟು ಮಾಡಿ ಅಂಚೆಗೆ ಒಪ್ಪಿಸುವುದು ನಮ್ಮ ಕೆಲಸ. ಇಷ್ಟು ವರ್ಷ ಹೊದಿಕೆ ಅಂದರೆ ಪ್ಲಾಸ್ಟಿಕ್ ಫಿಲ್ಮ್. 25 ಮೈಕ್ರಾನ್, ಪಾರದರ್ಶಕ, ಮಷೀನಿಗೆ ರೋಲ್ ಹಾಕಿದರೆ ಸಾಕು, ಸುತ್ತಿ ಬಿಸಿ ಕೊಟ್ಟು ಅಂಟಿಸಿ ಕತ್ತರಿಸಿ ಕೊಡುತ್ತಿತ್ತು. ಅದರ ಬಗ್ಗೆ ಯೋಚನೆ ಮಾಡಿದ್ದೇ ಇಲ್ಲ.

ಆಮೇಲೆ ನಾವು ಟಪಾಲು ಕೊಡುವ ಅಂಚೆಯಿಂದ ಪತ್ರ ಬಂತು. ಒಂದೇ ಪುಟ. ಇನ್ನು ಮೇಲೆ ಪ್ಲಾಸ್ಟಿಕ್ ಸುತ್ತಿದ ಜಾಹೀರಾತು ಟಪಾಲು ತೆಗೆದುಕೊಳ್ಳುವುದಿಲ್ಲ. ಒಳಗಿನ ಬಿಡಿ ಕಾಗದ ಹೊರಗೆ ಬೀಳಬಾರದು. ಮಷೀನಿನ ಉರುಳೆಗಳ ನಡುವೆ ಬಾಗುವಂತಿರಬೇಕು. ವಿಳಾಸದ ಜಾಗ ಹೊಳೆಯಬಾರದು. ಇಷ್ಟೇ. ತಮ್ಮ ಓದಿ, "ಒಂದು ಪುಟದಲ್ಲಿ ನಮ್ಮ ಮಷೀನ್ ಗುಜರಿಗೆ ಹೋಯ್ತಲ್ಲ ಅಕ್ಕ" ಅಂದ.

ಇದು ಬಂದೇ ಬರುತ್ತದೆ ಅಂತ ಗೊತ್ತಿರಬೇಕಿತ್ತು. ಫ್ರಾನ್ಸ್‌ನಲ್ಲಿ 2022ರ ಜನವರಿ 1ರಿಂದಲೇ ಪತ್ರಿಕೆ, ಜಾಹೀರಾತುಗಳನ್ನು ಪ್ಲಾಸ್ಟಿಕ್ ಸುತ್ತಿ ಕಳಿಸುವಂತಿಲ್ಲ. ವಿಳಾಸ ಇರಲಿ, ಇಲ್ಲದಿರಲಿ, ಎರಡಕ್ಕೂ ಅದೇ ಕಾನೂನು. ಭಾರತದಲ್ಲಿ ಅದೇ ವರ್ಷ ಜುಲೈ 1ರಿಂದ ಬಂದ ನಿಷೇಧದ ಪಟ್ಟಿಯಲ್ಲಿ ಆಮಂತ್ರಣ ಪತ್ರಿಕೆಗೆ ಸುತ್ತುವ ಫಿಲ್ಮ್ ಕೂಡ ಇದೆ. ಯುರೋಪ್ ಒಕ್ಕೂಟದ ಹೊಸ ಪ್ಯಾಕೇಜಿಂಗ್ ಕಾಯಿದೆ 2025ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅದರ ಹೆಚ್ಚಿನ ನಿಯಮಗಳು ಅನ್ವಯ ಆಗುವುದು 2026ರ ಆಗಸ್ಟ್ 12ರಿಂದ. ನಾವು ಮಾತ್ರ ನಮ್ಮ ಮನೆ ಬಾಗಿಲಿಗೆ ಪತ್ರ ಬರುವ ತನಕ ಕಾದು ಕೂತಿದ್ದೆವು.

ಪರೀಕ್ಷೆಗೆ ನಾವು ಇಟ್ಟುಕೊಂಡಿದ್ದು ತರಕಾರಿ ಬೀಜ ಮಾರುವ ಒಬ್ಬ ಗಿರಾಕಿಯ ಕೆಲಸ. ಎ5 ಅಳತೆಯ (ಎ4 ಹಾಳೆಯ ಅರ್ಧ) ಪುಸ್ತಿಕೆ, 8 ಪುಟ, 115 ಜಿಎಸ್ಎಂ (ಅಂದರೆ ಒಂದು ಚದರ ಮೀಟರ್ ಕಾಗದ 115 ಗ್ರಾಂ ತೂಗುತ್ತದೆ) ಆರ್ಟ್ ಪೇಪರ್, ನಡುವೆ ಎರಡು ಪಿನ್. ಜೊತೆಗೆ ಒಂದು ಬಿಡಿ ಆರ್ಡರ್ ಕಾರ್ಡು, 170 ಜಿಎಸ್ಎಂ. ತಕ್ಕಡಿಗೆ ಹಾಕಿದರೆ ಪುಸ್ತಿಕೆ 14.3 ಗ್ರಾಂ, ಕಾರ್ಡು 3.5 ಗ್ರಾಂ. ಪ್ಲಾಸ್ಟಿಕ್ ಹೊದಿಕೆ 1.7 ಗ್ರಾಂ. ಒಟ್ಟು 19.5. ಎಷ್ಟೋ ದೇಶಗಳ ಅಂಚೆಯಲ್ಲಿ ಪತ್ರದ ಮೊದಲ ತೂಕದ ಹಂತ 20 ಗ್ರಾಂ. ನಮ್ಮ ದರಪಟ್ಟಿಯೂ ಹಾಗೇ. ಅಂದರೆ ಅರ್ಧ ಗ್ರಾಂ ಅಂತರದಲ್ಲಿ ಇಷ್ಟು ವರ್ಷ ಕಡಿಮೆ ದರದಲ್ಲಿ ಬಚಾವಾಗುತ್ತಿದ್ದೆವು. ಈ ಅರ್ಧ ಗ್ರಾಂ ನೆನಪಿಟ್ಟುಕೊಳ್ಳಿ. ಮುಂದಿನ ಗೋಳೆಲ್ಲ ಅದರದ್ದೇ.

ಪ್ರತಿ ಬಗೆಯಲ್ಲೂ 50 ಪ್ರತಿ ಮಾಡಿ, ನೆಂಟರು, ಸ್ನೇಹಿತರು, ಹಳೆಯ ಗಿರಾಕಿಗಳ ಮನೆಗೆ ಕಳಿಸಿದೆವು. ಬಂದ ತಕ್ಷಣ ಎರಡೂ ಬದಿಯ ಫೋಟೋ ತೆಗೆದು ಕಳಿಸಿ ಅಂತ ಕೇಳಿಕೊಂಡೆವು. ಎಲ್ಲರೂ ಕಳಿಸಲಿಲ್ಲ. ಕಳಿಸಿದಷ್ಟರಲ್ಲಿ ಕಲಿತಿದ್ದು ಸಾಕಷ್ಟಿದೆ.

ಕಾಗದದ ಸುತ್ತು

ಎಲ್ಲರೂ ಮೊದಲು ಹೇಳುವುದು ಇದನ್ನೇ. ಪ್ಲಾಸ್ಟಿಕ್ ಬದಲು ಕಾಗದ ಸುತ್ತಿ, ಮುಗೀತು ಅಂತ. ಮುಗಿಯುವುದಿಲ್ಲ. ಫಿಲ್ಮ್ ಮಷೀನು ಬಿಸಿಯಿಂದ ಅಂಟಿಸುತ್ತದೆ. ಕಾಗದಕ್ಕೆ ಅಂಟು ಬೇಕು, ಅಂಟು ಹಾಕುವ ಭಾಗ ಬೇಕು, ಕಾಗದವನ್ನು ಸುಕ್ಕಿಲ್ಲದೆ ಎಳೆಯುವ ಉರುಳೆ ಬೇಕು. ನಮ್ಮ ಮಷೀನಿಗೆ ಅದು ಕೂಡುವುದಿಲ್ಲ. ಹಾಗಾಗಿ ಬೇರೆ ಒಂದು ಘಟಕಕ್ಕೆ ಕೊಟ್ಟು ಮಾಡಿಸಿದೆವು. ಅವರ ಹೆಸರು ಬೇಡ. ಮೊದಲ ಸಲ ಕೊಟ್ಟ ಸ್ಯಾಂಪಲ್‌ನಲ್ಲಿ ಅಂಟು ಒಳಗಿನ ಪುಸ್ತಿಕೆಗೇ ಹಿಡಿದಿತ್ತು. ಸುತ್ತು ಬಿಚ್ಚಿದರೆ ಕೊನೆಯ ಪುಟದ ಸೋರೆಕಾಯಿಯೂ ಅರ್ಧ ಕಿತ್ತು ಬಂತು.

ಎರಡನೇ ಸಲ ಚೆನ್ನಾಗಿ ಬಂತು. ನಿಜ ಹೇಳಬೇಕೆಂದರೆ ನೋಡಲಿಕ್ಕೆ ನಾಲ್ಕರಲ್ಲಿ ಇದೇ ಲಕ್ಷಣವಾಗಿತ್ತು. ಹೊದಿಕೆಯ ಮೇಲೆಯೇ ಅಚ್ಚು ಹಾಕಬಹುದು. ಅಲ್ಲಿಗೆ ನಿಮಗೆ ಇನ್ನೂ ಎರಡು ಪುಟ ಜಾಹೀರಾತು ಸಿಕ್ಕ ಹಾಗಾಯಿತು. ವಿಳಾಸದ ಶಾಯಿ ತಕ್ಷಣ ಒಣಗುತ್ತದೆ. ಹೊಳಪಿನ ಗಲಾಟೆ ಇಲ್ಲ. ಪಡೆದವರು ಕಾಗದದ ಜೊತೆಗೇ ರದ್ದಿಗೆ ಹಾಕಬಹುದು.

ಆದರೆ ತಕ್ಕಡಿ ಸುಮ್ಮನಿರುವುದಿಲ್ಲ. 70 ಜಿಎಸ್ಎಂ ಕಾಗದದ ಸುತ್ತು ನಮ್ಮ ಅಳತೆಗೆ 5.2 ಗ್ರಾಂ ಬಂತು. ಒಟ್ಟು 23. ಮುಂದಿನ ಹಂತದ ದರ. ಸರಿ, ಒಳಗಿನ ಕಾಗದ ತೆಳು ಮಾಡೋಣ ಅಂತ 90 ಜಿಎಸ್ಎಂಗೆ ಇಳಿಸಿದೆವು. ಪುಸ್ತಿಕೆ 11.2ಕ್ಕೆ ಬಂತು. ಒಟ್ಟು 19.9! ತಮ್ಮ ಕುಣಿದಾಡಿದ. ಮಾರನೆಯ ಬೆಳಿಗ್ಗೆ ಅದೇ ಕಟ್ಟಿನಿಂದ ತೆಗೆದು ತೂಗಿದರೆ 20.2. ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಕಾಗದ ಗಾಳಿಯ ತೇವ ಹೀರುತ್ತದೆ ಅನ್ನುವುದು ಈ ಕಸುಬಿನವರಿಗೆ ಹೊಸದಲ್ಲ. ಹಾಳೆ ಸುರುಳಿ ಆಗುವುದು, ಮಷೀನಿನಲ್ಲಿ ಎರಡೆರಡು ಹೋಗುವುದು ಎಲ್ಲ ಅದರಿಂದಲೇ. ಆದರೆ ಅದೇ ತೇವ ದರಪಟ್ಟಿಯನ್ನೂ ದಾಟಿಸುತ್ತದೆ ಅಂತ ನಾನು ಅವತ್ತೇ ಕಂಡಿದ್ದು. ಪ್ಲಾಸ್ಟಿಕ್ ಒಳಗೆ ಮುಚ್ಚಿಟ್ಟಿದ್ದಾಗ ಈ ಆಟ ನಮಗೆ ಕಂಡಿರಲಿಲ್ಲ.

ತೂಕದ ಹಂತಕ್ಕೆ ಇನ್ನೂ ದೂರ ಇರುವ ಕೆಲಸ ಆದರೆ, ಉದಾಹರಣೆಗೆ ದಪ್ಪ ಮಾಸಪತ್ರಿಕೆ, ಕಣ್ಣು ಮುಚ್ಚಿ ಇದನ್ನು ತಗೊಳ್ಳಿ. ತೆಳು ಕರಪತ್ರಕ್ಕೆ ಬೇಡ.

ಪಿಷ್ಟದ ಫಿಲ್ಮ್

ಆಲೂಗಡ್ಡೆ, ಜೋಳದ ಪಿಷ್ಟ ಸೇರಿಸಿ ಮಾಡುವ, ಗೊಬ್ಬರ ಆಗುತ್ತದೆ ಅನ್ನುವ ಫಿಲ್ಮ್. ಇದರ ಮೇಲೆ ನನಗೆ ತುಂಬಾ ಆಸೆ ಇತ್ತು. ಮಷೀನು ಬದಲಿಸಬೇಕಿಲ್ಲ, ಬಿಸಿ ಸ್ವಲ್ಪ ಕಡಿಮೆ ಮಾಡಿದರೆ ಸಾಕು. ಪಾರದರ್ಶಕ ಅಲ್ಲ, ಹಾಲು ಬಿದ್ದ ಹಾಗೆ ಮಸುಕು. ಮುಟ್ಟಿದರೆ ಮೆತ್ತಗೆ. ಧೂಳು ಎಳೆಯುವ ಆ ಚಟಚಟ ಕರೆಂಟು ಕಡಿಮೆ. ನಮ್ಮಲ್ಲಿ ಕೆಲಸ ಮಾಡುವ ಹೆಂಗಸರಿಗೆ ಬಹಳ ಇಷ್ಟವಾಯಿತು.

ತೂಕ ಹಾಕಿದೆ. 2.4 ಗ್ರಾಂ! ಅಷ್ಟೇ ಮೈಕ್ರಾನಿನ ಪ್ಲಾಸ್ಟಿಕ್ 1.7 ಇತ್ತಲ್ಲ. ಪಾಲಿಥೀನ್ ನೀರಿನ ಮೇಲೆ ತೇಲುವಷ್ಟು ಹಗುರ. ಇದು ಮುಳುಗುವ ಜಾತಿ, ಸಾಂದ್ರತೆ ಜಾಸ್ತಿ. ಒಟ್ಟು 20.2 ಆಯಿತು. ಮತ್ತೆ ಅದೇ ಗೆರೆ, ಗೆರೆಯ ಆಚೆ.

ಅದನ್ನೂ ಹೇಗೋ ಸರಿ ಮಾಡಬಹುದಿತ್ತು. ದೊಡ್ಡ ಪೆಟ್ಟು ಬಿದ್ದಿದ್ದು ಕೌಂಟರಿನಲ್ಲಿ. ಅಲ್ಲಿದ್ದವರು ಕಟ್ಟು ನೋಡಿದ ಕೂಡಲೇ ಪಕ್ಕಕ್ಕೆ ಸರಿಸಿದರು. "ಪ್ಲಾಸ್ಟಿಕ್ ತಗೊಳ್ಳಲ್ಲಮ್ಮ, ಪತ್ರ ಬಂದಿಲ್ವಾ ನಿಮಗೆ?" ಗೊಬ್ಬರ ಆಗುತ್ತದೆ ಅನ್ನುವ ಸರ್ಟಿಫಿಕೇಟು ತೋರಿಸಿದೆ. ಅವರು ಫಿಲ್ಮ್ ಮುಟ್ಟಿ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಫಿಲ್ಮ್ ಮುಟ್ಟಿದರು. ಕೊನೆಗೆ ಮೇಲಿನವರನ್ನು ಕೇಳಿ ಒಂದು ಗಂಟೆ ಆದ ಮೇಲೆ ತೆಗೆದುಕೊಂಡರು. ಪ್ರತಿ ಸಲವೂ ಒಂದು ಗಂಟೆ ವಾದ ಮಾಡಲಿಕ್ಕೆ ನನ್ನಿಂದಾಗದು. ಅವರದೇನೂ ತಪ್ಪಿಲ್ಲ. ನಮ್ಮ ಚಿಕ್ಕಮ್ಮನೂ ಫೋಟೋ ಜೊತೆ ಬರೆದಿದ್ದಳು, "ನೀವು ಇನ್ನೂ ಪ್ಲಾಸ್ಟಿಕ್ ಬಿಟ್ಟಿಲ್ಲ ಅಲ್ವಾ?" ಪ್ಲಾಸ್ಟಿಕ್ ಡಬ್ಬಿಗೇ ಹಾಕಿದ್ದಳು.

ಅಲ್ಲೇ ಇನ್ನೊಂದು ಗಂಟು. ಯುರೋಪಿನ ಇಎನ್ 13432 ಅನ್ನುವ ಮಾನದಂಡದ ಪ್ರಕಾರ ಇಂಥ ವಸ್ತು 12 ವಾರದಲ್ಲಿ ಚೂರುಚೂರಾಗಬೇಕು, 6 ತಿಂಗಳಲ್ಲಿ ಶೇ. 90ರಷ್ಟು ಜೈವಿಕವಾಗಿ ಕರಗಬೇಕು. ಆದರೆ ಅದು ದೊಡ್ಡ ಗೊಬ್ಬರದ ಘಟಕದ ಲೆಕ್ಕ. ಅಲ್ಲಿ ರಾಶಿಯ ಒಳಗೆ ಸುಮಾರು 58 ಡಿಗ್ರಿ ಬಿಸಿ ಇರುತ್ತದೆ. ಮನೆಯ ಹಿತ್ತಲ ಗುಂಡಿಯಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಮನೆಯಲ್ಲೇ ಗೊಬ್ಬರವಾಗುವ ಬಗೆಗೆ ಬೇರೆ ಸರ್ಟಿಫಿಕೇಟು ಇದೆ, ಕೊಳ್ಳುವಾಗ ಅದನ್ನೇ ಕೇಳಬೇಕು. ಪ್ಲಾಸ್ಟಿಕ್ ಮರುಬಳಕೆಗೆ ಹೋದರೆ ಆ ರಾಶಿಯನ್ನೂ ಕೆಡಿಸುತ್ತದೆ. ಒಟ್ಟಿನಲ್ಲಿ ಚಿಕ್ಕಮ್ಮ ಯಾವ ಡಬ್ಬಿಗೆ ಹಾಕಿದರೂ ತಪ್ಪೇ.

ರೋಲನ್ನು ಹೆಚ್ಚು ದಿನ ಇಡಲಿಕ್ಕೂ ಆಗದು. ಶೆಡ್ಡಿನ ಬಿಸಿಲು ಬೀಳುವ ಬದಿಗೆ ಇಟ್ಟಿದ್ದ ರೋಲು ಕೆಲವು ತಿಂಗಳಲ್ಲಿ ಒಣ ಹಪ್ಪಳದ ಹಾಗೆ ಆಗಿ, ಮಷೀನಿಗೆ ಹಾಕಿದ ಕೂಡಲೇ ಹರಿಯಿತು. ತಪ್ಪು ನಮ್ಮದು, ಡಬ್ಬದ ಮೇಲೆ ತಂಪಿನಲ್ಲಿಡಿ ಅಂತ ಬರೆದಿತ್ತು.

ಗ್ಲಾಸಿನ್ ಕವರ್

ಬಟರ್ ಪೇಪರ್ ಗೊತ್ತಲ್ಲ, ಅದರ ಅಣ್ಣನಂತಿರುವುದು ಇದು. ಅಂಚೆ ಚೀಟಿ ಸಂಗ್ರಹಿಸುವವರು ಚೀಟಿ ಇಡಲು ಬಳಸುವ ಸಣ್ಣ ಅರೆಪಾರದರ್ಶಕ ಕವರ್ ನೋಡಿದ್ದರೆ, ಅದೇ ಕಾಗದ. ಇದಕ್ಕೆ ಮೇಣ, ಪ್ಲಾಸ್ಟಿಕ್ ಏನೂ ಹಚ್ಚುವುದಿಲ್ಲ. ನಾರನ್ನು ಚೆನ್ನಾಗಿ ಅರೆದು, ಬಿಸಿ ಉರುಳೆಗಳ ನಡುವೆ ಒತ್ತಿ ಒತ್ತಿ ನಯ ಮಾಡುತ್ತಾರೆ. ಆ ಒತ್ತಡಕ್ಕೇ ಬೆಳಕು ಹಾಯುವಂತಾಗುತ್ತದೆ. ಅಂದರೆ ಪೂರ್ತಿ ಕಾಗದ, ರದ್ದಿಗೆ ಹೋಗುತ್ತದೆ. ಕೌಂಟರಿನವರು ಬೆರಳಲ್ಲಿ ಉಜ್ಜಿದರು, ಗರಗರ ಅಂದಿತು, "ಇದು ಪೇಪರ್" ಅಂದು ಸೀಲು ಒತ್ತಿದರು. ಎರಡೇ ನಿಮಿಷ.

ಸಿ5 ಕವರ್ (ಎ5 ಪುಸ್ತಿಕೆ ಮಡಿಸದೆ ಹಿಡಿಸುವ ಅಳತೆ), 50 ಜಿಎಸ್ಎಂ, ತೂಕ 4.3 ಗ್ರಾಂ. ಒಳಗಿನ ಪುಸ್ತಿಕೆಯನ್ನು 90 ಜಿಎಸ್ಎಂ ಮಾಡಿದರೆ ಕಾರ್ಡು ಸೇರಿ ಒಟ್ಟು 19 ಗ್ರಾಂ. ಒಂದು ಗ್ರಾಂ ಉಸಿರಾಡಲಿಕ್ಕೆ ಜಾಗ. ಒಳಗಿನ ಬಣ್ಣ ಮಂಜಿನ ಹಿಂದಿನಿಂದ ಕಂಡ ಹಾಗೆ ಕಾಣುತ್ತದೆ. ಬೀಜದ ಗಿರಾಕಿಗೆ ಮೊದಲು ಬೇಸರವಾಯಿತು, "ನಮ್ಮ ಟೊಮೆಟೊ ಕೆಂಪು ಎಲ್ಲಿ ಹೋಯ್ತು?" ಅಂದರು. ಆಮೇಲೆ ಒಗ್ಗಿಕೊಂಡರು.

ಸಮಸ್ಯೆ ವಿಳಾಸದ್ದು. ನಾನು ಜಾಣತನ ಮಾಡಲು ಹೋಗಿ, ಒಳಗಿನ ಕಾರ್ಡಿನ ಮೇಲೆ ವಿಳಾಸ ಅಚ್ಚು ಹಾಕಿ ಅದು ಹೊರಗೆ ಕಾಣುವಂತೆ ಇಟ್ಟೆ. ಸ್ಟಿಕರ್ ಖರ್ಚು ಉಳಿಯುತ್ತದೆ ಅಂತ. ಮೇಜಿನ ಮೇಲೆ ಚೆನ್ನಾಗಿ ಕಂಡಿತು. ದಾರಿಯಲ್ಲಿ ಕಾರ್ಡು ಜಾರಿ ಮೂಲೆಗೆ ಹೋಯಿತು. ಕವರ್ ಉಬ್ಬಿದ ಕಡೆ ಅಕ್ಷರ ಮಸುಕಾಯಿತು. ಮನುಷ್ಯರು ಒತ್ತಿ ಹಿಡಿದು ಓದುತ್ತಾರೆ, ವಿಂಗಡಿಸುವ ಮಷೀನಿನ ಕ್ಯಾಮೆರಾ ಒತ್ತಿ ಹಿಡಿಯುವುದಿಲ್ಲವಲ್ಲ. 6 ಕವರ್ ವಾಪಸ್ ಬಂದವು. ನೇರವಾಗಿ ಗ್ಲಾಸಿನ್ ಮೇಲೆ ಇಂಕ್‌ಜೆಟ್ ಹೊಡೆದರೆ ಶಾಯಿ ಕುಡಿಯುವುದಿಲ್ಲ, ಹೆಬ್ಬೆರಳು ತಾಗಿದರೆ ಬೀದಿಯ ಹೆಸರು ಅಳಿಸಿಹೋಗುತ್ತದೆ. ಕೊನೆಗೆ ಉಳಿದಿದ್ದು ಹೊಳಪಿಲ್ಲದ ಪೇಪರ್ ಸ್ಟಿಕರ್. ಸಾಧಾರಣ ಗೋಂದಿನದು ಮೂಲೆ ಎದ್ದಿತು, ಗಟ್ಟಿ ಅಂಟಿನದು ನಿಂತಿತು. ತೇವ ಇದ್ದ ದಿನ ಕವರುಗಳು ಬಾಳೆ ಎಲೆಯ ಹಾಗೆ ಸುರುಟುತ್ತವೆ. ಡಬ್ಬ ಒಡೆದ ದಿನವೇ ಖರ್ಚು ಮಾಡುವುದು ಒಳ್ಳೆಯದು.

ಹೊದಿಕೆಯೇ ಇಲ್ಲದ್ದು

ಈ ಉಪಾಯ ತಮ್ಮನದು. ಹೊದಿಕೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವ ಬದಲು ಅದನ್ನೇ ಬಿಟ್ಟರೆ ಹೇಗೆ ಅಂದ. 8 ಪುಟದ ಎ5 ಪುಸ್ತಿಕೆ ಅಂದರೆ ಏನು? ಒಂದು ಎ3 ಹಾಳೆಯನ್ನು (ಎರಡು ಎ4 ಸೇರಿದಷ್ಟು) ಎರಡು ಸಲ ಮಡಿಸಿದರೂ ಅಷ್ಟೇ ಮುಖ ಸಿಗುತ್ತದೆ, ಅಷ್ಟೇ ತೂಕ, 14.3 ಗ್ರಾಂ. ಪಿನ್ನೂ ಬೇಡ. ಬಾಯಿಗೆ ದುಂಡು ಸ್ಟಿಕರ್ ಹಚ್ಚಿ ಮುಚ್ಚಿಬಿಡುವುದು. ಬಿಚ್ಚಿದರೆ ದೊಡ್ಡ ಪೋಸ್ಟರ್. ಬೀಜದವರು ಒಳಗೆ ಬಿತ್ತನೆಯ ತಿಂಗಳ ಪಟ್ಟಿ ಹಾಕಿಸಿದರು, ಗೋಡೆಗೆ ಅಂಟಿಸಲಿಕ್ಕೆ ಆಗುತ್ತದೆ ಅಂತ. ಇಡೀ ಪ್ರಯೋಗದಲ್ಲಿ ನನಗೆ ಖುಷಿ ಕೊಟ್ಟ ಯೋಚನೆ ಇದೊಂದೇ, ಅದೂ ಗಿರಾಕಿಯದು.

ಮೊದಲ 50ರಲ್ಲಿ ಫೋಟೋ ಬಂದವುಗಳ ಪೈಕಿ 7 ಹರಿದಿದ್ದವು. ಎಲ್ಲ ಒಂದೇ ಕಡೆ, ಕೆಳಗಿನ ಅಂಚು. ನಾವು ಕೊನೆಯ ಮಡಿಕೆಯನ್ನು ಮೇಲಿಟ್ಟು, ತೆರೆದ ಬಾಯಿಯನ್ನು ಕೆಳಗೆ ಮಾಡಿದ್ದೆವು. ಮಷೀನಿನ ಬೆಲ್ಟು ತೆರೆದ ಹಾಳೆಯನ್ನೇ ಹಿಡಿದು ಎಳೆದಿತ್ತು. ಆಮೇಲೆ ಓದಿ ನೋಡಿದರೆ ಇದು ಎಂದೋ ಗೊತ್ತಿದ್ದ ಸಂಗತಿ. ಅಮೆರಿಕದ ಅಂಚೆ ಸೇವೆ 2013ರ ಜನವರಿಯಿಂದ ಇಂಥ ಮಡಚಿದ ಟಪಾಲಿಗೇ ಅಂತ ನಿಯಮ ಮಾಡಿದೆ. ತೂಕ 3 ಔನ್ಸ್ ದಾಟಬಾರದು, ಅಳತೆ 6 ಇಂಚು ಎತ್ತರ, ಹತ್ತೂವರೆ ಇಂಚು ಉದ್ದ ದಾಟಬಾರದು. ಕೊನೆಯ ಮಡಿಕೆ ಕೆಳಗಿರಬೇಕು, ಇಲ್ಲವೇ ಮಷೀನಿಗೆ ಮೊದಲು ಹೋಗುವ ಅಂಚಿನಲ್ಲಿರಬೇಕು. ಬಾಯಿ ಮುಚ್ಚುವ ಸ್ಟಿಕರಿನಲ್ಲಿ ಹರಿಯಲು ಅನುಕೂಲವಾಗುವ ತೂತಿನ ಸಾಲು ಇರಬಾರದು. ನಮ್ಮ ಅಂಚೆಯ ಪತ್ರದಲ್ಲಿ ಇಷ್ಟು ಬಿಡಿಸಿ ಬರೆದಿರಲಿಲ್ಲ. ಬರೆದಿದ್ದರೆ ಆ 7 ಉಳಿಯುತ್ತಿದ್ದವು. ಮಡಿಕೆ ತಿರುಗಿಸಿ ಮತ್ತೆ ಕಳಿಸಿದಾಗ ಒಂದೇ ಒಂದು ಹರಿದು ಬಂತು, ಅದೂ ಮಳೆಯಲ್ಲಿ ನೆನೆದಿತ್ತು.

ಮಡಿಸುವವರಿಗೆ ಇನ್ನೊಂದು ಮಾತು. ಕಾಗದದ ನಾರು ಯಾವ ದಿಕ್ಕಿಗಿದೆ ಅಂತ ಅಚ್ಚಿನವರನ್ನು ಮೊದಲೇ ಕೇಳಿ. ಕೊನೆಯ ಮಡಿಕೆ ನಾರಿನ ಉದ್ದಕ್ಕೆ ಬಿದ್ದರೆ ಗೆರೆ ಚೊಕ್ಕ, ಅಡ್ಡ ಬಿದ್ದರೆ ಗಾಢ ಬಣ್ಣ ಒಡೆದು ಬಿಳಿ ಹಲ್ಲು ಕಾಣುತ್ತದೆ. ದಪ್ಪ ಆರ್ಟ್ ಕಾಗದಕ್ಕೆ ಕ್ರೀಸಿಂಗ್, ಅಂದರೆ ಮಡಿಸುವ ಮೊದಲೇ ಮಡಿಕೆಯ ಗೆರೆ ಒತ್ತಿಡುವುದು, ಬೇಕೇ ಬೇಕು. ವಿಳಾಸದ ಜಾಗಕ್ಕೆ ವಾರ್ನಿಷ್ ಹೊಡೆಯಬೇಡಿ ಅಂತ ಡಿಸೈನ್ ಮಾಡುವವರಿಗೆ ಎರಡು ಸಲ ಹೇಳಿ, ಮೂರನೇ ಸಲ ಬರೆದು ಕೊಡಿ.

ಸ್ಟಿಕರಿನದು ಒಂದು ತಮಾಷೆ. ಮೊದಲು ತಂದದ್ದು ಪಾರದರ್ಶಕ. ಚಂದ ಕಾಣುತ್ತಿತ್ತು. ಕೌಂಟರಿನವರು ಅದನ್ನು ಉಗುರಲ್ಲಿ ಕೆರೆದು, "ಇದೂ ಪ್ಲಾಸ್ಟಿಕ್ಕೇ ತಾನೆ?" ಅಂದರು. ಹೌದು, ಪ್ಲಾಸ್ಟಿಕ್ಕೇ! ನಾವೇ ನೋಡಿರಲಿಲ್ಲ. ಈಗ ಬಿಳಿ ಕಾಗದದ್ದು. ಬೀಳ್ಕೊಡುವಾಗ ಅವರು ನಕ್ಕರು, ನಾನೂ ನಕ್ಕೆ. ಒಳಗೊಳಗೆ ಸಿಟ್ಟು ಬಂದಿತ್ತು.

ಕಳೆದುಕೊಂಡಿದ್ದು ಆರ್ಡರ್ ಕಾರ್ಡು. ಹೊದಿಕೆ ಇಲ್ಲದ ಮೇಲೆ ಬಿಡಿ ಕಾಗದ ಒಳಗಿಡುವಂತಿಲ್ಲ. ಬದಲಿಗೆ ಒಂದು ಮುಖದಲ್ಲಿ ಕ್ಯೂಆರ್ ಕೋಡ್ ಹಾಕಿದರು, ಕೆಳಗೆ ಕತ್ತರಿಸಿ ಕಳಿಸುವ ಕೂಪನ್. ಬೀಜ ಕೊಳ್ಳುವವರಲ್ಲಿ ವಯಸ್ಸಾದವರು ಜಾಸ್ತಿ. ಅವರಿಗೆ ಕಾರ್ಡಿನ ಮೇಲೆ ಟಿಕ್ ಹಾಕಿ ಡಬ್ಬಿಗೆ ಹಾಕುವುದೇ ರೂಢಿ. ಆ 115 ಜಿಎಸ್ಎಂ ಕೂಪನ್ ಕಾರ್ಡಿನಷ್ಟು ಗಟ್ಟಿ ಇಲ್ಲ, ಕತ್ತರಿಸಿದರೆ ಹಿಂದಿನ ಬಿತ್ತನೆ ಪಟ್ಟಿಯಲ್ಲಿ ಎರಡು ತಿಂಗಳೂ ಹೋಗುತ್ತವೆ. ಒಬ್ಬ ಅಜ್ಜ ಫೋನ್ ಮಾಡಿ, "ಪಟ್ಟಿ ಹರಿಯಲಾ, ಬೀಜ ಬಿಡಲಾ, ನೀವೇ ಹೇಳಿ" ಅಂತ ಗಿರಾಕಿಯನ್ನು ತರಾಟೆಗೆ ತೆಗೆದುಕೊಂಡರಂತೆ.

ನಕ್ಷತ್ರ ಕೊಡಲೇಬೇಕು ಅಂದರೆ: ಹೊದಿಕೆ ಇಲ್ಲದ ಮಡಿಕೆಗೆ ನಾಲ್ಕೂವರೆ, ಗ್ಲಾಸಿನ್‌ಗೆ ನಾಲ್ಕು, ಕಾಗದದ ಸುತ್ತಿಗೆ ಮೂರು. ಪಿಷ್ಟದ ಫಿಲ್ಮ್‌ಗೆ ಎರಡು, ಅದರಲ್ಲಿ ಒಂದು ಬರೀ ಮುಟ್ಟಿದಾಗಿನ ಸುಖಕ್ಕೆ. ಬಿಡಿ ಕಾಗದ ಇಲ್ಲದ ಕೆಲಸವೆಲ್ಲ ಈಗ ನಮ್ಮಲ್ಲಿ ಮಡಿಕೆಯಲ್ಲೇ ಹೋಗುತ್ತದೆ. ಹಳೇ ಮಷೀನು ಇನ್ನೂ ಮಾರಿಲ್ಲ, ಕೊಳ್ಳುವವರೂ ಇಲ್ಲ. ಉಳಿದ ಮೂರು ರೋಲು ಪ್ಲಾಸ್ಟಿಕ್ ಅನ್ನು ಮಳೆಗಾಲದಲ್ಲಿ ಕಾಗದದ ರಾಶಿಯ ಮೇಲೆ ಹೊದಿಸುತ್ತೇವೆ.

ಬೀಜದವರು ಅಜ್ಜನ ಫೋನಿನ ನಂತರ ಕಾರ್ಡು ವಾಪಸ್ ಬೇಕು ಅಂದರು. ಹಾಗಾಗಿ ಈ ಸಲದ್ದು 90 ಜಿಎಸ್ಎಂ ಪುಸ್ತಿಕೆ, ಕಾರ್ಡು, ಗ್ಲಾಸಿನ್ ಕವರ್, ಗಟ್ಟಿ ಅಂಟಿನ ಸ್ಟಿಕರ್. ನಿನ್ನೆ ಸಂಜೆ ಮೊದಲ ಕಟ್ಟು ತಯಾರಾಯಿತು. ನಾನು ಒಂದನ್ನು ತಕ್ಕಡಿಗೆ ಹಾಕು ಅಂದೆ. ತಮ್ಮ ಒಂದಲ್ಲ, ಹತ್ತು ತೆಗೆದು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದ.

"19.3, ಅಕ್ಕ."

ಹೊರಗೆ ಮಳೆ ಬರುತ್ತಿತ್ತು.